ಲಾಗ್‌ಬುಕ್ಕಿಗೆ ಇಪ್ಪತ್ತು ಹಸು

ಐದು ವರ್ಷ ಬೆಂಗಳೂರಿನಲ್ಲಿ ಪಶುವೈದ್ಯ ಓದಿ, ಬರೆದ ಪರೀಕ್ಷೆಯಲ್ಲೆಲ್ಲ ಮೊದಲು ಬಂದು, ಕೋಳಿಯಿಂದ ಆನೆಯವರೆಗೆ ಯಾವ ಪ್ರಾಣಿಯ ಹೊಟ್ಟೆಯಲ್ಲಿ ಯಾವ ಹುಳ ಇರುತ್ತದೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲವಳಾಗಿದ್ದ ಪವಿತ್ರಳಿಗೆ 1997ರ ಮೇ ತಿಂಗಳಲ್ಲಿ ಬಿದರಕೊಪ್ಪಲಿನ ಗಂಡಸರು ಎದುರಾದರು. ಈ ಪ್ರಾಣಿಯ ಬಗ್ಗೆ ಮಾತ್ರ ಅವಳ ಸಿಲಬಸ್ಸಿನಲ್ಲಿ ಒಂದು ಪಾಠವೂ ಇರಲಿಲ್ಲ.

ಪವಿತ್ರ ನಾಗಮಂಗಲದ ಅಕ್ಕಸಾಲಿ ಲಕ್ಷ್ಮಣಾಚಾರ್ರ ಮಗಳು. ಓದು ಮುಗಿದಿತ್ತು, ಆರು ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ಕೊನೆಯ ಎರಡು ತಿಂಗಳು ಬಾಕಿ. ಆ ಎರಡು ತಿಂಗಳನ್ನು ಯಾವುದಾದರೂ ಹಳ್ಳಿಯ ದನದ ಆಸ್ಪತ್ರೆಯಲ್ಲಿ ಕಳೆಯಬೇಕೆಂದು ಕಾಲೇಜಿನ ನಿಯಮ. ಕಾಲೇಜಿನವರು ಒಂದು ದಪ್ಪ ಲಾಗ್‌ಬುಕ್ ಕೊಟ್ಟಿದ್ದರು. ನಾಯಿಗೆ ಲಸಿಕೆ, ಕುದುರೆಗೆ ಲಾಳ, ಕುರಿಗೆ ಜಂತುಹುಳದ ಔಷಧಿ ಎಲ್ಲ ತುಂಬಿಯಾಗಿತ್ತು. ಉಳಿದದ್ದು ಒಂದೇ: ಬೆದೆಗೆ ಬಂದ ಹಸುಗಳಿಗೆ ತನ್ನ ಕೈಯಾರೆ ಇಪ್ಪತ್ತು ಕೃತಕ ಗರ್ಭಧಾರಣೆ. ಜೂನ್ ಮೂವತ್ತಕ್ಕೆ ಲಾಗ್‌ಬುಕ್ ಪ್ರೊಫೆಸರರ ಮೇಜಿನ ಮೇಲಿರಬೇಕು. ಹತ್ತೊಂಬತ್ತಾದರೂ ಆರು ತಿಂಗಳು ಮತ್ತೆ ಮೊದಲಿಂದ. ಜುಲೈನಲ್ಲಿ ಹಾಲು ಒಕ್ಕೂಟದ ಸಂದರ್ಶನವಿತ್ತು. ಸರ್ಟಿಫಿಕೇಟಿಲ್ಲದವರು ಅದರ ಬಾಗಿಲ ಹತ್ತಿರವೂ ಸುಳಿಯುವಂತಿರಲಿಲ್ಲ.

ಇಪ್ಪತ್ತೇನು ಮಹಾ ಅಂದುಕೊಂಡಳು. ಅವಳಿಗೆ ಸಿಕ್ಕಿದ್ದ ಬಿದರಕೊಪ್ಪಲು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಬೂಕನಕೆರೆ ಕಡೆಯ ಊರು. ಡೈರಿಗೆ ದಿನಕ್ಕೆ ಆರುನೂರು ಲೀಟರ್ ಹಾಲು ಬೀಳುತ್ತಿತ್ತು. ನೂರೈವತ್ತು ಸೀಮೆಹಸು ಇರುವ ಊರಲ್ಲಿ ದಿನಕ್ಕೆ ಒಂದೋ ಎರಡೋ ಬೆದೆಗೆ ಬಂದೇ ಬರುತ್ತವೆ. ಹದಿನೈದು ದಿನದಲ್ಲಿ ಮುಗಿಸಿ, ಉಳಿದ ದಿನ ಸಂದರ್ಶನಕ್ಕೆ ಓದಿಕೊಳ್ಳುವುದೆಂದು ಟ್ರಂಕಿನಲ್ಲಿ ನಾಲ್ಕು ಪುಸ್ತಕ ಬೇರೆ ತುಂಬಿಕೊಂಡು ಬಂದಿದ್ದಳು, ಪಾಪ.

ಊರಿನ ದನದ ಆಸ್ಪತ್ರೆಯ ಡಾಕ್ಟರು ಮೂರು ಊರಿಗೆ ಒಬ್ಬರೇ. ಮಂಗಳವಾರ ಬಂದು, ಸಹಿ ಹಾಕಿ, ಟೀ ಕುಡಿದು ಹೋಗುತ್ತಿದ್ದರು. ಉಳಿದ ಆರು ದಿನ ಆಸ್ಪತ್ರೆಯೆಂದರೆ ಕಾಂಪೌಂಡರ್ ಚಿಕ್ಕಯ್ಯ. ಇಪ್ಪತ್ತೆಂಟು ವರ್ಷ ಸರ್ವೀಸಾದ, ದೇವರಂಥ ಮನುಷ್ಯ. ಪವಿತ್ರಳ ಟ್ರಂಕನ್ನು ಬಸ್‌ಸ್ಟಾಪಿನಿಂದ ತಾನೇ ಹೊತ್ತು ತಂದ.

"ನೀವು ನಮ್ ಮಗಳಿದ್ದಂಗೆ ಮೇಡಮ್ಮೋರೆ. ಈ ಊರಲ್ಲಿ ಒಂದ್ ಕೆಟ್ ಮಾತು ನಿಮ್ ಕಿವಿಗ್ ಬೀಳ್ದಂಗೆ ನೋಡ್ಕತೀನಿ. ನಾನು ಮಾತ್ ಕೊಟ್ರೆ ಮುಗೀತು" ಅಂದ.

ಮಾತು ಉಳಿಸಿಕೊಂಡೂಬಿಟ್ಟ. ಎಲ್ಲ ಅನಾಹುತಕ್ಕೂ ಅದೇ ಮೂಲ. ಪವಿತ್ರಳಿಗೆ ಇದು ತಿಳಿಯಲು ಒಂದು ತಿಂಗಳು ಹಿಡಿಯಿತು. ನಿಮ್ಮನ್ನೇಕೆ ಅಷ್ಟು ದಿನ ಕಾಯಿಸಬೇಕು, ಈಗಲೇ ಹೇಳಿಬಿಡುತ್ತೇನೆ. ಅವಳು ಬಂದ ಸಾಯಂಕಾಲವೇ ಚಿಕ್ಕಯ್ಯ ಟೀ ಅಂಗಡಿಯಲ್ಲಿ ಗಂಡಸರನ್ನೆಲ್ಲ ಕೂಡಿಸಿ ಕಟ್ಟುನಿಟ್ಟಾಗಿ ಹೇಳಿದ: "ಮದ್ವೆ ಆಗ್ದಿರೋ ಎಣ್ಮಗ ಬಂದವ್ಳೆ. ಅವ್ಳ ಮುಂದೆ ಬೆದೆ ಗಿದೆ ಅಂತ ಯಾವನಾರ ಬಾಯ್ ಬುಟ್ಟೀರಿ, ಉಸಾರು. ಅಂತಾ ಕೇಸಿದ್ರೆ ಸೀದಾ ನನ್ ಕ್ವಾಟ್ರಸ್ ಹಿತ್ಲಿಗೆ ಒಡ್ಕಂಡ್ ಬನ್ನಿ."

ಗಂಡಸರು ತಲೆಯಾಡಿಸಿದರು. ಅವರಿಗೂ ಅದೇ ಚಿಂತೆಯಾಗಿತ್ತು. ಹಾಲಿನ ದುಡ್ಡಿಗೆ ಜಗಳವಾಡುವ, ನೀರಿನ ಸರದಿಗೆ ಕೊರಳಪಟ್ಟಿ ಹಿಡಿಯುವ ಗಟ್ಟಿ ಆಳುಗಳು. ಆದರೆ ಕನ್ನಡಕ ಹಾಕಿದ ಒಂದು ಹುಡುಗಿಯ ಮುಂದೆ ನಿಂತು ನನ್ನ ಹಸು ಬೆದೆಗೆ ಬಂದಿದೆ ಅನ್ನುವುದಕ್ಕಿಂತ ಬಾವಿಗೆ ಹಾರುವುದು ಸುಲಭ ಅಂದುಕೊಂಡಿದ್ದರು. ಮಾರನೆಯ ದಿನವೇ ಚಿಕ್ಕಯ್ಯ ಗರ್ಭಧಾರಣೆಯ ಸಾಮಾನನ್ನೆಲ್ಲ, ಕಳ್ಳರ ಕಾಟ ಅಂತ ಹೇಳಿ, ತನ್ನ ಮನೆಗೆ ಸಾಗಿಸಿದ.

ಒಂದೇ ತೊಡಕಿತ್ತು. ಚಿಕ್ಕಯ್ಯನ ಹಿತ್ತಿಲಿಗೆ ಹೋಗಬೇಕಾದರೆ ಆಸ್ಪತ್ರೆಯ ಮುಂದೆಯೇ ಹಾಯಬೇಕು. ಅಲ್ಲಿ ಬೇವಿನ ಮರದ ಕೆಳಗೆ ಬಿಳಿ ಕೋಟು ಹಾಕಿಕೊಂಡು ಪವಿತ್ರ ಬೆಳಿಗ್ಗೆ ಎಂಟಕ್ಕೇ ಕೂತಿರುತ್ತಿದ್ದಳು. ಹಸು ಕಂಡರೆ ಎದ್ದೇ ಬರುತ್ತಿದ್ದಳು.

ಮೊದಲು ಸಿಕ್ಕವನು ಸಂತೋಷ್. ಹೊಸದಾಗಿ ಮದುವೆಯಾದ ಹುಡುಗ.

"ಏನಾಗಿದೆ ಹಸುಗೆ?"

ಸಂತೋಷ್ ನೆಲ ನೋಡಿದ, ಮರ ನೋಡಿದ. "ಕೆಮ್ಮು" ಅಂದ.

ಅಷ್ಟರಲ್ಲಿ ಹಸು ಕತ್ತೆತ್ತಿ, ಬೂಕನಕೆರೆಗೆ ಕೇಳುವ ಹಾಗೆ ಕೂಗಿತು.

"ಇದು ಕೆಮ್ಮಾ?"

"ಒಣಕೆಮ್ಮು ಮೇಡಂ."

ಪವಿತ್ರ ಸ್ಟೆತಸ್ಕೋಪ್ ಇಟ್ಟು ಎರಡೂ ಪಕ್ಕೆ ಕೇಳಿದಳು. ಏನೂ ಇರಲಿಲ್ಲ. ಹಿಂದಕ್ಕೆ ಹೋಗಿ ನೋಡೋಣವೆಂದರೆ, ಒದೀತದೆ ಮೇಡಂ, ಬಾಲ ಮುಟ್ಟಿದರೆ ಆಗುವುದಿಲ್ಲ ಅದಕ್ಕೆ ಅಂತ ಅಡ್ಡ ನಿಂತ. ಅವಳಿಗೆ ಸಂಶಯ ಬಂತು. ಬೆದೆಗೇನಾದರೂ ಬಂದಿದೆಯಾ ಅಂತ ನೇರವಾಗಿ ಕೇಳಿದಳು. ಸಂತೋಷನ ಕಿವಿ ಕೆಂಪಾಯಿತು. ಮನೆಯ ಹೆಣ್ಣುಮಕ್ಕಳ ಬಗ್ಗೆ ಯಾರೋ ಹಗುರವಾಗಿ ಆಡಿದರೇನೋ ಎಂಬಂತೆ, "ಚೆ ಚೆ, ನಮ್ಮಸ ಅಂಥದ್ದಲ್ಲ" ಅಂದುಬಿಟ್ಟ.

ಅವಳು ನಂಬಿದಳು. ಮಾಲೀಕನ ಮಾತು ಅರ್ಧ ರೋಗವನ್ನು ಹೇಳುತ್ತದೆ ಅಂತ ಐದು ವರ್ಷ ಕಲಿಸಿದ್ದರು. ಮಾಲೀಕ ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಒಂದು ಪೀರಿಯಡ್ಡೂ ತೆಗೆದುಕೊಂಡಿರಲಿಲ್ಲ. ಕೆಮ್ಮಿಗೆ ಪುಡಿ ಕೊಟ್ಟಳು. ಸಂತೋಷ್ ಎರಡೂ ಕೈಯಲ್ಲಿ ಭಕ್ತಿಯಿಂದ ಇಸಿದುಕೊಂಡು, ಆಸ್ಪತ್ರೆ ಬಳಸಿ ಹಿತ್ತಿಲು ಸೇರಿದ. ಅಲ್ಲಿ ಚಿಕ್ಕಯ್ಯ ತೋಳು ಮಡಿಚಿಕೊಂಡು ಕಾಯುತ್ತಿದ್ದ.

ಅಲ್ಲಿಂದ ಶುರುವಾಯಿತು. ಒಬ್ಬನ ಹಸುವಿಗೆ ಕಾಲುನೋವು. ಯಾವ ಕಾಲು ಅಂದರೆ ಬೆಳಿಗ್ಗೆ ಎಡಗಾಲು ತೋರಿಸಿದವನು ಸಾಯಂಕಾಲ ಬಲಗಾಲು ತೋರಿಸಿದ. ಇನ್ನೊಬ್ಬನದಕ್ಕೆ ಹಲ್ಲುನೋವು. ಡೈರಿಯ ಸೆಕ್ರೆಟರಿ ಚಲುವರಾಜು ಊರಿಗೇ ದೊಡ್ಡ ಮನುಷ್ಯ, ಪವಿತ್ರಳಿಗೆ ಇರಲು ಡೈರಿಯ ಮಹಡಿಯ ಕೋಣೆ ಕೊಟ್ಟವನು. ಅವನು ತನ್ನ ಹಸುವಿಗೆ ಕಣ್ಣುನೋವು ಅಂದ.

"ಯಾವ ಕಣ್ಣು?"

"ಒಂದ್ಸಲ ಇದು, ಒಂದ್ಸಲ ಅದು."

ಚಲುವರಾಜುವಿನ ಹಸು ಬಟ್ಟಲುಗಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು. ಅದಕ್ಕಾದರೂ ಸತ್ಯ ಹೇಳಬೇಕೆನ್ನಿಸಿತ್ತೋ ಏನೋ. ಪವಿತ್ರ ಮುಲಾಮು ಕೊಟ್ಟು ಕಳಿಸಿದಳು.

ಮೇ ತಿಂಗಳು ಮುಗಿಯಿತು. ರಿಜಿಸ್ಟರಿನಲ್ಲಿ ಕೆಮ್ಮು, ಕಾಲು, ಕಣ್ಣು, ಹಲ್ಲು ಸೇರಿ ಇಪ್ಪತ್ತಾರು ಹಸು. ಲಾಗ್‌ಬುಕ್ಕಿನಲ್ಲಿ ಸೊನ್ನೆ. ಈ ಊರಿನಲ್ಲಿ ಒಂದು ಹಸುವೂ ಬೆದೆಗೆ ಬರುವುದಿಲ್ಲವೇ ಅಂತ ಚಿಕ್ಕಯ್ಯನನ್ನು ಕೇಳಿದಳು.

"ಈ ವರ್ಸ ಬಿಸ್ಲು ಜಾಸ್ತಿ ಮೇಡಮ್ಮೋರೆ" ಅಂದ ಚಿಕ್ಕಯ್ಯ. "ದನುಕ್ಕೂ ಬ್ಯಾಸ್ರ."

ತನಗೆ ಇಪ್ಪತ್ತು ಬೇಕೇ ಬೇಕು ಅಂತ ಅವಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರಾಗಿ ಬಂದವಳು ಮನೆಮನೆ ಮುಂದೆ ಹಸುವಿಗಾಗಿ ಕೈಯೊಡ್ಡುವುದೇ ಅಂತ ಬಿಗುಮಾನ. ಓದಿದವರ ಕಥೆ ಹೀಗೆ. ಮನಸ್ಸಿನೊಳಗೆ ಮಾತ್ರ ಹೆದರಿಕೆ ಶುರುವಾಗಿತ್ತು. ಮಹಡಿಯ ಕೋಣೆಯಲ್ಲಿ ಕೂತು ಪುಸ್ತಕಗಳನ್ನೆಲ್ಲ ಹರಡಿಕೊಂಡಳು. ಇಷ್ಟು ಬೇರೆ ಬೇರೆ ರೋಗ, ಆದರೆ ಎಲ್ಲ ಹಸುವೂ ಕೂಗುತ್ತವೆ, ಎಲ್ಲವೂ ನಿಂತಲ್ಲಿ ನಿಲ್ಲುವುದಿಲ್ಲ, ಎಲ್ಲವೂ ಮೇವು ಬಿಟ್ಟಿರುತ್ತವೆ. ಮೊನ್ನೆ ಒಂದು ಹಸು ಚಿಕ್ಕಯ್ಯನ ಸೈಕಲ್ಲಿನ ಮೇಲೆಯೇ ಹತ್ತಲು ಹೋಗಿತ್ತು. ಹುಡುಕುತ್ತ ಹುಡುಕುತ್ತ ಒಂದು ಪುಟದಲ್ಲಿ ಅವಳ ಕೈ ತಡೆಯಿತು. ಹುಚ್ಚುನಾಯಿ ರೋಗ, ದನಗಳಲ್ಲಿ: ಒಂದೇ ಸಮ ಕೂಗುವುದು, ಚಡಪಡಿಕೆ, ಮೇವು ಬಿಡುವುದು, ಬೇರೆ ದನದ ಮೇಲೆ ಹತ್ತುವುದು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ಬೆದೆಯೆಂದು ತಪ್ಪು ತಿಳಿಯಬಾರದು ಅಂತ ಎಚ್ಚರಿಕೆ ಬೇರೆ.

ಏಪ್ರಿಲ್ಲಿನಲ್ಲಿ ಊರಿಗೆ ಒಂದು ಹುಚ್ಚುನಾಯಿ ನುಗ್ಗಿತ್ತೆಂದು ಟೀ ಅಂಗಡಿಯಲ್ಲಿ ಕೇಳಿದ್ದಳು. ಪುಡಿ ತೆಗೆದುಕೊಂಡು ಹೋದವರ ಹಸುಗಳನ್ನು ಮತ್ತೆ ತೋರಿಸಿ ಅಂದರೆ ಒಬ್ಬರೂ ತೋರಿಸುತ್ತಿರಲಿಲ್ಲ. ಹೊಲಕ್ಕೆ ಹೋಗಿದೆ, ನೆಂಟರ ಮನೆಗೆ ಹೋಗಿದೆ ಅನ್ನುತ್ತಿದ್ದರು. ಸತ್ತಿರಬೇಕು, ಮುಚ್ಚಿಡುತ್ತಿದ್ದಾರೆ ಅಂತ ಅವಳು ತೀರ್ಮಾನಿಸಿದಳು.

ಜೂನ್ ಒಂದರ ಸಾಯಂಕಾಲ ಐದು ಗಂಟೆಗೆ, ಡೈರಿಯ ಮುಂದೆ ಹಾಲು ಹಾಕುವವರ ಸಾಲು ನಿಂತಿದ್ದಾಗ, ಪವಿತ್ರ ರಿಜಿಸ್ಟರ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದು ನಿಂತಳು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಚಲುವರಾಜು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುತ್ತಿದ್ದ.

"ಇವತ್ತು ಯಾರೂ ಹಾಲು ಹಾಕಬೇಡಿ. ಊರಿನ ಹಸುಗಳಿಗೆ ಹುಚ್ಚುನಾಯಿ ರೋಗ ಬಂದಿರೋ ಅನುಮಾನ ಇದೆ" ಅಂದಳು. ಇಪ್ಪತ್ತಾರು ಮನೆಯ ಹೆಸರನ್ನೂ ಓದಿದಳು. "ಈ ಹಸುಗಳನ್ನ ಬೇರೆ ಕಟ್ಟಿ. ಹಾಲು ಚೆಲ್ಲಿಬಿಡಿ. ಹಸು ಬಾಯಿಗೆ ಕೈ ಹಾಕಿದವರೆಲ್ಲ ನಾಳೆ ಬೆಳಿಗ್ಗೆಯೇ ಕೆ.ಆರ್. ಪೇಟೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ."

ಸಂತೋಷನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಪಟ್ಟಿಯಲ್ಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಮಾತು ಸಾಕಿತ್ತು. ಒಂದೇ ಒಂದು ಮಾತು ಆಡಿದ್ದರೆ ಹಾಲೂ ಉಳಿಯುತ್ತಿತ್ತು, ಹೊಟ್ಟೆಯೂ ಉಳಿಯುತ್ತಿತ್ತು. ಯಾರೂ ಆಡಲಿಲ್ಲ.

ಚಲುವರಾಜು ಲ್ಯಾಕ್ಟೋಮೀಟರ್ ಕೆಳಗಿಟ್ಟ. "ಮೇಡಂ, ಒಂದ್ ಏಳು ಆಕುಸ್ಕಂಡ್ರೆ ಆಗಕಿಲ್ವಾ?"

"ಹದಿನಾಲ್ಕು."

ಅವನು ಉಳಿದವರ ಕಡೆ ತಿರುಗಿದ. "ಸರಿ ಕಣ್ರಲಾ, ಬೆಳಿಗ್ಗೆ ಏಳ್ಗಂಟೆ ಬಸ್ಸಿಗೆ ಎಲ್ಲಾ ಒಟ್ಗೆ ಓಗ್ಬುಡನ."

ಚಿಕ್ಕಯ್ಯ ಹಿಂದಿನಿಂದ, "ನಾನೂ ಬತ್ತೀನಿ" ಅಂದ. ಇಪ್ಪತ್ತಾರು ಹಸುವಿಗೂ ಏನೂ ಆಗಿಲ್ಲವೆಂದು ಬಲ್ಲ ಒಬ್ಬನೇ ಒಬ್ಬ ಮನುಷ್ಯ, ಕೊಟ್ಟ ಮಾತಿಗಾಗಿ ಹೊಟ್ಟೆ ಒಡ್ಡಲು ತಯಾರಾಗಿ ನಿಂತ. ಇಂಥವರಿಗೆ ಏನು ಹೇಳೋಣ.

ಹೆಂಗಸರ ಸಾಲಿನ ಕೊನೆಯಲ್ಲಿ ಚಿಕ್ಕಬೋರಮ್ಮ ನಿಂತಿದ್ದಳು. ಅರವತ್ತು ದಾಟಿದ ವಿಧವೆ, ಎರಡು ಹಸು ಸಾಕಿಕೊಂಡು ಒಬ್ಬಳೇ ಬದುಕು ಮಾಡುತ್ತಿದ್ದವಳು. ಅವಳ ಒಂದು ಹಸುವೂ ಪಟ್ಟಿಯಲ್ಲಿತ್ತು. ಅದನ್ನು ಅವಳ ಪರವಾಗಿ ಚಲುವರಾಜು ಹೊಡೆದುಕೊಂಡು ಹೋಗಿದ್ದ.

"ಏನಂತವ್ವ?" ಅಂತ ಪಕ್ಕದ ಸಿದ್ದಲಿಂಗಮ್ಮನನ್ನು ಕೇಳಿದಳು.

"ಆಲ್ ಚೆಲ್ಬೇಕಂತೆ. ಅಸುಕ್ಕೆ ಉಚ್ಚಂತೆ."

ಚಿಕ್ಕಬೋರಮ್ಮ ಹಾಲಿನ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಲೇ ಚಲುವ, ಯಾರಿಗ್ಲಾ ಉಚ್ಚು? ಅಸ ಬೆದೆಗ್ ಬಂದದೆ, ಆಸ್ಪತ್ರೆಗ್ ಒಡ್ಕಂಡೋಗು ಅಂತ ನಿನ್ ಕೈಲಿ ನಾನೇ ಅಗ್ಗ ಕೊಡ್ಲಿಲ್ವಾ? ನಿನ್ ಅಸ ಮೂರ್ ದಿನ ಬೀದೀಲಿ ಕೂಗ್ತಿತ್ತಲ್ಲ, ಅದೇನು ಪದ ಏಳ್ತಿತ್ತಾ? ಎಲ್ಲಾ ಚಿಕ್ಕಯ್ಯನ್ ಹಿತ್ಲಿಗೆ ತಾನೆ ಓದವು? ಒಂದ್ ಮಾತ್ ಏಳಕ್ಕೆ ನಾಚ್ಕಂಡು ನನ್ ನಾಕ್ ಲೀಟ್ರಾಲ್ ಚೆಲ್ಸೀಯಾ?"

ಮೊದಲು ಸಿದ್ದಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಹೆಂಗಸರ ಸಾಲಿಗೆ ಸಾಲೇ ನಕ್ಕಿತು, ಹಾಲು ತುಳುಕುವ ಹಾಗೆ. ಗಂಡಸರಲ್ಲಿ ಕೆಲವರು ಆಕಾಶ ನೋಡಿದರು. ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಪವಿತ್ರಳಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳು ಬಂತು, ಮೂರೂ ಒಟ್ಟಿಗೆ. ಐದು ವರ್ಷ ಓದಿದವಳು ಬೆದೆಗೆ ಬಂದ ಹಸುವಿಗೆ ಕೆಮ್ಮಿನ ಪುಡಿ ಕೊಟ್ಟಿದ್ದಳು. ಆಸ್ಪತ್ರೆಯ ಬಾಗಿಲು ಹಾಕಿಕೊಂಡು ಚಿಕ್ಕಯ್ಯನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ನಿಮ್ ಮರ್ವಾದೆಗೆ ಅಂತ ಮಾಡ್ದೊ ಮೇಡಮ್ಮೋರೆ" ಅಂದ ಅವನು. ಕಣ್ಣಲ್ಲಿ ನೀರಿತ್ತು.

"ನನ್ನ ಮರ್ಯಾದೆ ಉಳಿಸೋಕೆ ಹೋಗಿ ನನ್ನ ಕೆಲಸಕ್ಕೇ ಕಲ್ಲು ಹಾಕಿದ್ರಲ್ಲ ಚಿಕ್ಕಯ್ಯ" ಅಂದಳು ಪವಿತ್ರ. ಇಪ್ಪತ್ತರ ಲೆಕ್ಕ, ಜೂನ್ ಮೂವತ್ತು, ಮತ್ತೆ ಆರು ತಿಂಗಳು, ಕೈತಪ್ಪುವ ಸಂದರ್ಶನ, ಎಲ್ಲ ಅವತ್ತು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹೇಳಿ, ಇದನ್ನು ಊರಲ್ಲಿ ಯಾರಿಗೂ ಹೇಳಬೇಡಿ ಅಂತ ಮಾತು ತೆಗೆದುಕೊಂಡಳು. ಬಿಗುಮಾನ ಇನ್ನೂ ಹೋಗಿರಲಿಲ್ಲ.

ಚಿಕ್ಕಯ್ಯ ಯೋಚನೆ ಮಾಡಿ ತನ್ನ ಪುಸ್ತಕ ತಂದ. "ನನ್ನತ್ರ ಇಪ್ಪತ್ತಾರವೆ. ಇಪ್ಪತ್ತ ನಿಮ್ ಬುಕ್ಕಿಗ್ ಬರ್ಕಂಬುಡಿ. ಮಾಲೀಕ್ರ ಸಹಿ ನಾನ್ ಆಕುಸ್ಕೊಡ್ತೀನಿ. ಯಾರ್ ಬಂದ್ ಅಸ ಕೇಳ್ತಾರೆ?"

ಪವಿತ್ರ ಪೆನ್ನಿನ ಕ್ಯಾಪು ತೆಗೆದಳು. ನಿಜ ಹೇಳಬೇಕು, ತೆಗೆದಳು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಆದರೆ ಕಾಲೇಜಿನಲ್ಲಿ ಅವಳು ಈ ಕೆಲಸ ಮಾಡಿದ್ದು ಎರಡೇ ಸಲ, ಅದೂ ಕಾಲೇಜಿನ ಒಂದು ಮುದಿ ಹಸುವಿನ ಮೇಲೆ. ಅದರ ಹಿಂದೆ ಇಪ್ಪತ್ತೆರಡು ವಿದ್ಯಾರ್ಥಿಗಳು ಸಾಲಾಗಿ ನಿಲ್ಲುತ್ತಿದ್ದರು, ಹಸು ಬೇಸತ್ತು ನಿದ್ದೆ ಮಾಡುತ್ತಿತ್ತು. ನಾಳೆ ಕೆಲಸ ಸಿಕ್ಕಿ ನಿಜವಾದ ಹಸು ಎದುರು ಬಂದರೆ ಈ ಬರೆದ ಇಪ್ಪತ್ತು ಕೈ ಹಿಡಿಯುತ್ತವೆಯೇ? ಅವಳು ಕ್ಯಾಪು ಹಾಕಿದಳು.

"ನೀವು ಮಾಡಿದ್ದರಲ್ಲಿ ಎಷ್ಟು ಗಬ್ಬ ನಿಲ್ತವೆ?" ಅಂದಳು.

"ಅರ್ಧುಕ್ಕರ್ಧ."

"ಹಾಗಾದರೆ ಇನ್ನರ್ಧ ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರಬೇಕು."

ಅವಳ ಸುಳ್ಳು ರೋಗದ ರಿಜಿಸ್ಟರಿನಲ್ಲಿ ಯಾವ ಮನೆಯ ಹಸು ಯಾವ ದಿನ ಬೆದೆಗೆ ಬಂದಿತ್ತೆಂಬುದು ತಾರೀಖಿನ ಸಮೇತ ಇತ್ತಲ್ಲ. ಕೂತು ಒಂದೊಂದಕ್ಕೂ ಇಪ್ಪತ್ತೊಂದು ಕೂಡಿಸಿದಳು. ಚಿಕ್ಕಯ್ಯ ಸಾಮಾನನ್ನೆಲ್ಲ ಆಸ್ಪತ್ರೆಗೆ ವಾಪಸ್ ತಂದಿಟ್ಟ. ಬೆಳಿಗ್ಗೆ ಆರಕ್ಕೆ ಡೈರಿಗೆ ಇಳಿದು, ಗಂಡಸರ ಕಡೆ ತಿರುಗಿಯೂ ನೋಡದೆ ಹೆಂಗಸರ ಸಾಲಿನ ಮುಂದೆ ನಿಂತಳು.

"ಸಿದ್ದಲಿಂಗಮ್ಮ, ನಿಮ್ಮ ಹಸು ಮೇ ಹದಿಮೂರಕ್ಕೆ ಬಂದಿತ್ತು. ನಿಂತಿಲ್ಲ ಅಂದ್ರೆ ನಾಳೆ ಮತ್ತೆ ಬೆದೆಗೆ ಬರುತ್ತೆ. ಮಾಯಮ್ಮ, ನಿಮ್ಮದು ನಾಡಿದ್ದು. ಹಾಲು ಕರೆಯೋವಾಗ ನೋಡಿ, ಬಂದಿದ್ರೆ ನೀವೇ ಹೊಡ್ಕೊಂಡು ಬನ್ನಿ."

"ಅದ್ಯಾವ ಸಾಸ್ತ್ರದಲ್ಲಿ ನೋಡ್ದವ್ವ?" ಅಂದಳು ಸಿದ್ದಲಿಂಗಮ್ಮ.

"ಐದು ವರ್ಷ ಓದಿದ್ದೇ ಅದನ್ನ."

ಮೊದಲು ಬಂದದ್ದು ಚಿಕ್ಕಬೋರಮ್ಮನ ಇನ್ನೊಂದು ಹಸು, ಪಟ್ಟಿಯಲ್ಲಿಲ್ಲದ್ದು. ಚಿಕ್ಕಬೋರಮ್ಮ ಗೇಟಿನಿಂದಲೇ ಕೂಗಿದಳು: "ಡಾಕ್ಟ್ರವ್ವ, ಬೆದೆಗ್ ಬಂದದೆ, ಬಾ." ಪವಿತ್ರಳ ಜೀವಮಾನದಲ್ಲಿ ಅಷ್ಟು ಇಂಪಾದ ಮಾತನ್ನು ಯಾರೂ ಆಡಿರಲಿಲ್ಲ.

ಚಿಕ್ಕಯ್ಯ ಎರಡು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಹಸು ಹಿಂತಿರುಗಿ ತಿರುಗಿ ನೋಡಿ ತುಳಿದಾಡಿತು.

ಚಿಕ್ಕಬೋರಮ್ಮ ಅದರ ಬೆನ್ನು ತಟ್ಟಿ, "ಸುಮ್ನಿರೇ, ಕಲೀತಾವ್ಳೆ" ಅಂದಳು.

ಆಮೇಲೆ ಹೆಂಗಸರು ಬರತೊಡಗಿದರು. ಸಿದ್ದಲಿಂಗಮ್ಮನ ಹಸು ಹೇಳಿದ ದಿನಕ್ಕೇ ಬಂತು. ಮಾಯಮ್ಮನದು ಒಂದು ದಿನ ತಡವಾಗಿ. ಡಾಕ್ಟ್ರವ್ವ ತಾರೀಕು ಹೇಳುತ್ತಾಳಂತೆ ಅಂತ ಊರೆಲ್ಲ ಸುದ್ದಿ. ಇಷ್ಟು ವರ್ಷ ಹಾಲು ಕರೆಯುವಾಗ ಬೆದೆ ಕಂಡು, ಗಂಡನಿಗೆ ಹೇಳಿ, ಅವನು ಟೀ ಕುಡಿದು ಹೊಡೆದುಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಈಗ ಅವರೇ ಹಗ್ಗ ಹಿಡಿದು ಬಂದರು. ಗಂಡಸರು ಆಸ್ಪತ್ರೆಯ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಓಡಾಡತೊಡಗಿದರು. ಪವಿತ್ರಳ ಕೈ ಪಳಗಿತು. ಇಪ್ಪತ್ತು ನಿಮಿಷ ಹತ್ತಾಯಿತು, ಹತ್ತು ನಾಲ್ಕಾಯಿತು. ಜೂನ್ ಹದಿನೈದಕ್ಕೆ ಹತ್ತು. ಇಪ್ಪತ್ತೇಳಕ್ಕೆ ಹತ್ತೊಂಬತ್ತು.

ಇಪ್ಪತ್ತೆಂಟಕ್ಕೆ ಒಂದೂ ಬರಲಿಲ್ಲ. ಇಪ್ಪತ್ತೊಂಬತ್ತರ ಮಧ್ಯಾಹ್ನವಾದರೂ ಬರಲಿಲ್ಲ. ಮೂರೂವರೆಗೆ ಪಾಂಡವಪುರದ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಟ್ರಂಕು ಕಟ್ಟಿ, ಬೇವಿನ ಮರದ ಕೆಳಗೆ ಕೂತು ಪವಿತ್ರ ದಾರಿ ನೋಡುತ್ತಿದ್ದಳು. ಊಟ ಸೇರಿರಲಿಲ್ಲ.

ಎರಡೂವರೆಗೆ ಚಲುವರಾಜು ಬಂದ. ಕೈಯಲ್ಲಿ ಹಸುವಿನ ಹಗ್ಗ. ಅವನ ಹೆಂಡತಿ ಪುಟ್ಟಗೌರಮ್ಮ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಬೆಳಗೊಳಕ್ಕೆ ಹೋಗಿದ್ದಳು. ಇಲ್ಲದಿದ್ದರೆ ಅವನು ಬರುತ್ತಿದ್ದನೇ? ಹಸುವನ್ನು ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಬೇವಿನ ಮರದ ಕಡೆ ಮುಖ ಮಾಡಿ ನಿಂತುಕೊಂಡ.

ಪವಿತ್ರ ಎದ್ದು ಬಂದಳು. ಹಸುವನ್ನು ನೋಡಿದರೇ ತಿಳಿಯುತ್ತಿತ್ತು. ಆದರೂ ಒಂದು ತಿಂಗಳು ನುಂಗಿದ ಸಿಟ್ಟು ಬಿಡಲಿಲ್ಲ.

"ಏನಾಗಿದೆ?"

"ಅದೇ ಮೇಡಂ... ನಿಮ್ಗೇ ಗೊತ್ತಲ್ಲ."

"ನನಗೆ ಗೊತ್ತಿಲ್ಲ. ಮಾಲೀಕರು ಹೇಳಬೇಕು."

ಚಲುವರಾಜುವಿನ ಹಣೆಯಲ್ಲಿ ಬೆವರಿತ್ತು. ಟವೆಲ್ಲಿನಿಂದ ಒರೆಸಿಕೊಂಡ, ಹಗ್ಗ ನೋಡಿದ. ಹತ್ತು ಹೆಜ್ಜೆ ಇಟ್ಟರೆ ಚಿಕ್ಕಯ್ಯನ ಹಿತ್ತಿಲು. ಅವನ ಕೈ ಹಗ್ಗದ ಗಂಟಿನ ಮೇಲೆ ಹೋಯಿತು. ಗಂಟು ಬಿಚ್ಚಿದರೆ ಹತ್ತೊಂಬತ್ತೇ ಗತಿ. ಪವಿತ್ರಳ ಬಿಗುಮಾನವೆಲ್ಲ ಆ ಕ್ಷಣದಲ್ಲಿ ಇಳಿದುಹೋಯಿತು.

"ಬಿಚ್ಚಬೇಡಿ" ಅಂದಳು. ಅವಳ ಕಣ್ಣು ತುಂಬಿತ್ತು. "ಇದು ನನಗೆ ಇಪ್ಪತ್ತನೇದು ಚಲುವರಾಜಣ್ಣ. ನಾಳೆ ಹೊತ್ತಿಗೆ ಇಪ್ಪತ್ತು ಆಗದಿದ್ರೆ ಸರ್ಟಿಫಿಕೇಟಿಲ್ಲ, ಸಂದರ್ಶನಾನೂ ಇಲ್ಲ, ಮತ್ತೆ ಆರು ತಿಂಗಳು ಮೊದಲಿಂದ. ಬಂದ ದಿನದಿಂದ ಇದೊಂದೇ ಚಿಂತೆ ನನಗೆ."

ಚಲುವರಾಜು ಮೊದಲ ಸಲ ಅವಳ ಮುಖ ನೋಡಿದ.

"ಇದ್ನ ಮದ್ಲೇ ಏಳ್ಬಾರ್ದಾಗಿತ್ತಾ ಮೇಡಂ?"

"ನೀವು ಹೇಳಿದ್ರಾ?"

ಚಲುವರಾಜು ಹಗ್ಗದಿಂದ ಕೈ ತೆಗೆದ. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಅಂದುಬಿಟ್ಟ: "ಬೆದೆಗ್ ಬಂದದೆ ಮೇಡಂ."

ಆಕಾಶ ಕಳಚಿ ಬೀಳಲಿಲ್ಲ. ಅವನು ಒಂದು ಕಣ್ಣು ತೆರೆದು ನೋಡಿದ, ಆಮೇಲೆ ಇನ್ನೊಂದು. ಏನೂ ಆಗಿಲ್ಲವೆಂದು ಗೊತ್ತಾದದ್ದೇ ತಡ, ತೂಬು ಎತ್ತಿದ ಹಾಗೆ ಮಾತು ಹರಿಯಿತು. ಬೆಳಿಗ್ಗೆ ನಾಲ್ಕಕ್ಕೆ ಕೂಗಲು ಶುರುಮಾಡಿದ್ದು, ಹಾಲು ಎಷ್ಟು ಕಡಿಮೆಯಾಯಿತು, ಪಕ್ಕದ ಎಮ್ಮೆಯ ಮೇಲೆ ಎಷ್ಟು ಸಲ ಹತ್ತಿತು, ಹೋದ ಸಲ ಕರು ಹಾಕಿದಾಗ ಯಾವ ಹೊತ್ತಿಗೆ ಮಾಸು ಬಿತ್ತು. ಪವಿತ್ರ ಗ್ಲೋವ್ಸ್ ಹಾಕಿ ಕೆಲಸ ಮುಗಿಸಿ ಕೈ ತೊಳೆದು ಬಂದರೂ ಅವನು ಇನ್ನೂ ಹೇಳುತ್ತಲೇ ಇದ್ದ.

ಅವಳು ಲಾಗ್‌ಬುಕ್ ತೆರೆದು ಇಪ್ಪತ್ತನೆಯ ಪುಟ ತುಂಬಿದಳು. ಕೊನೆಯಲ್ಲಿ, ಮಾಲೀಕರು ಸ್ವಹಸ್ತದಿಂದ ಬರೆಯಬೇಕಾದ ಒಂದು ಸಾಲಿತ್ತು. ಹತ್ತೊಂಬತ್ತು ಪುಟದಲ್ಲೂ ಹೆಂಗಸರು ಬರೆದಿದ್ದರು, ಬರೆಯಲು ಬಾರದವರು ಹೆಬ್ಬೆಟ್ಟೊತ್ತಿದ್ದರು. ಪುಸ್ತಕವನ್ನು ಚಲುವರಾಜುವಿನ ಕಡೆ ತಿರುಗಿಸಿದಳು. ಅವನು ಡೈರಿ ಸೆಕ್ರೆಟರಿ, ಅಕ್ಷರ ಮುತ್ತಿನಂಥದು. ನಿಧಾನವಾಗಿ ಬರೆದ: 'ನನ್ನ ಹಸು ಬೆದೆಗೆ ಬಂದಿತ್ತು. ಇದನ್ನು ನಾನೇ ಬಾಯಿಬಿಟ್ಟು ಹೇಳಿದ್ದೇನೆ.'

ಬರೆದದ್ದನ್ನು ಎರಡು ಸಲ ಓದಿಕೊಂಡ. ಸಣ್ಣ ಅನುಮಾನ ಬಂತು.

"ಇದ್ನ ಯಾರ್ ನೋಡ್ತಾರೆ ಮೇಡಂ?"

"ನಮ್ಮ ಪ್ರೊಫೆಸರು."

"ಗಂಡಸ್ರು ತಾನೆ?"

"ಹೆಂಗಸರು. ಇಪ್ಪತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಿದ್ದಾರೆ."

ಚಲುವರಾಜು ಪೆನ್ನು ಹಿಡಿದುಕೊಂಡೇ ಕಲ್ಲುಬೆಂಚಿನ ಮೇಲೆ ಕೂತ. ಗೀಟು ಎಳೆದು ಹೊಡೆದುಹಾಕುತ್ತಾನೇನೋ ಅಂತ ಪವಿತ್ರ ಪೆನ್ನನ್ನೇ ನೋಡಿದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳುತ್ತಿತ್ತು. ಅವನು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅಂಗಾದ್ರೆ ಸರ್ಯಾಗ್ ಇರ್ಬೇಕು ತಗಳಿ" ಅಂದು, ಸಾಲಿನ ಕೆಳಗೆ ಪೂರ್ತಿ ಸಹಿ ಹಾಕಿ, ಕಾರ್ಯದರ್ಶಿ, ಹಾಲು ಉತ್ಪಾದಕರ ಸಂಘ ಅಂತ ಬರೆದು, ಜೇಬಿನಿಂದ ಸಂಘದ ಸೀಲು ತೆಗೆದು ಬಾಯಿಂದ ಬಿಸಿಯುಸಿರು ಊದಿ ಒತ್ತಿದ.